‘ನಾರ್ಮಲ್’ ಎಂದು ಬರೆಯುವ ಮೊದಲು ಅಳೆಯಿರಿ

ಮಾನ್ಯ ಸಂಪಾದಕರೆ,

ಹೋದ ತಿಂಗಳು ನನ್ನ ಅಕ್ಕನ ಸೊಸೆಗೆ ಹೆರಿಗೆಯಾಯಿತು. ಚೊಚ್ಚಲು, ಹೆಣ್ಣು ಮಗು. ನಾನು ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಯಲ್ಲಿ ದುಡಿದು ಎರಡು ವರ್ಷದ ಹಿಂದೆ ನಿವೃತ್ತಳಾದ ನರ್ಸ್. ಜೊತೆಗಿದ್ದರೆ ಧೈರ್ಯ ಎಂದು ಮನೆಯವರು ಕರೆದರು, ಹೋದೆ. ಹುಡುಗಿಯನ್ನು ವಾರ್ಡಿಗೆ ತಂದು ಮಲಗಿಸಿದ ಮೇಲೆ ಡ್ಯೂಟಿಯಲ್ಲಿದ್ದ ಸಿಸ್ಟರನ್ನು ಕೇಳಿದೆ, “ಬ್ಲೀಡಿಂಗ್ ಎಷ್ಟಾಯ್ತಮ್ಮ?”

“ನಾರ್ಮಲ್ ಮೇಡಂ.”

ಕೇಸ್ ಶೀಟಿನಲ್ಲೂ ಅದನ್ನೇ ಬರೆದಿದ್ದಳು. ಎಷ್ಟು ಮಿಲಿಲೀಟರ್ ಎಂದು ಬರೆದಿರಲಿಲ್ಲ. ಬರೆಯೋಣವೆಂದರೆ ಅಳೆಯುವ ಸಾಮಾನೇ ಅಲ್ಲಿರಲಿಲ್ಲ. ಮುತುವರ್ಜಿಯ ಹುಡುಗಿ, ಆ ಪಾಳಿಯಲ್ಲಿ ಹೆರಿಗೆ ಕೋಣೆ, ಬಾಣಂತಿಯರ ವಾರ್ಡು ಎರಡನ್ನೂ ಒಬ್ಬಳೇ ನೋಡುತ್ತಿದ್ದಳು. ಅವಳ ಮೇಲೆ ನನ್ನದೇನೂ ದೂರಿಲ್ಲ. ‘ನಾರ್ಮಲ್’ ಎಂಬ ಆ ಪದವನ್ನು ನಾನೇ ಸಾವಿರಾರು ಕೇಸ್ ಶೀಟುಗಳಲ್ಲಿ ಬರೆದಿದ್ದೇನೆ. ಆ ಪದದ ಬಗ್ಗೆಯೇ ಈ ಪತ್ರ. ಸ್ವಲ್ಪ ಉದ್ದವಾದೀತು, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

2009ರ ಜುಲೈ ಕೊನೆ. ಮಲೆನಾಡಿನ ಒಂದು ಆಸ್ಪತ್ರೆ, ಯಾವುದೆಂಬುದು ಬೇಡ. ಪುಷ್ಯ ಮಳೆ ಹಿಡಿದು ಮೂರು ದಿನವಾಗಿತ್ತು, ಕರೆಂಟು ಹೋಗಿ ಬಂದು ಮಾಡುತ್ತಿತ್ತು. ತೋಟದ ಕೆಲಸಕ್ಕೆ ಹೋಗುವ ಹೆಂಗಸು, ಮೂರನೆಯ ಹೆರಿಗೆ, ರಕ್ತ ಮೊದಲೇ ಕಡಿಮೆ, ಹಿಮೋಗ್ಲೋಬಿನ್ 8. ರಾತ್ರಿ ಒಂದೂ ಮುಕ್ಕಾಲಿಗೆ ಗಂಡು ಮಗುವಾಯಿತು. ಗರ್ಭಕೋಶ ಬಿಗಿಯಾಗಲೆಂದು ಆಕ್ಸಿಟೋಸಿನ್ ಇಂಜೆಕ್ಷನ್ ಕೊಟ್ಟೆ. ಕಸ (ಮಾಸು) ಬಿತ್ತು. ಅಂಗೈ ಮೇಲೆ ಹರಡಿ ಚೂರೇನಾದರೂ ಒಳಗೆ ಉಳಿದಿದೆಯೇ ಎಂದು ನೋಡಿದೆ, ಪೂರ್ತಿ ಬಂದಿತ್ತು. ಬ್ಲೀಡಿಂಗ್ ನಾರ್ಮಲ್ ಎಂದು ಬರೆದೆ. ಅಷ್ಟರಲ್ಲಿ ಪಕ್ಕದ ಟೇಬಲ್ಲಿನ ಚೊಚ್ಚಲ ಹುಡುಗಿ ತಿಣುಕತೊಡಗಿದಳು. ಅವಳ ಹೆರಿಗೆ ಮುಗಿಸಿ, ಮಗು ಅಳುವಂತೆ ಮಾಡಿ, ಕೈ ತೊಳೆದು ತಿರುಗುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು.

“ಸಿಸ್ಟರೇ, ಕಣ್ಣು ಕತ್ತಲೆ ಬತ್ತದೆ. ಒಂಚೂರು ನೀರು ಕೊಡಿ” ಅಂದಳು ಮೊದಲಿನವಳು.

ಚಳಿಗೆ ಎದೆಯವರೆಗೂ ಕಂಬಳಿ ಎಳೆದುಕೊಂಡಿದ್ದಳು. ಎತ್ತಿ ನೋಡಿದೆ. ಸೊಂಟದ ಕೆಳಗೆ ರಬ್ಬರ್ ಶೀಟು ತಗ್ಗಾದ ಕಡೆ ರಕ್ತ ಮಡುಗಟ್ಟಿ ನಿಂತಿತ್ತು. ಅಂಗೈಯಗಲದ, ಹೆಪ್ಪುಗಟ್ಟಿದ ರಕ್ತದ ಗೆಡ್ಡೆಗಳು. ಹಾಸಿಗೆ ಎಷ್ಟು ಕುಡಿದಿತ್ತೋ ದೇವರಿಗೇ ಗೊತ್ತು. ಹೊಟ್ಟೆಯ ಮೇಲೆ ಕೈಯಿಟ್ಟರೆ, ತೆಂಗಿನ ಚಿಪ್ಪಿನಷ್ಟು ಗಟ್ಟಿಯಾಗಿ ಸಿಗಬೇಕಾದ ಗರ್ಭಕೋಶ ಕಲಸಿದ ಹಿಟ್ಟಿನ ಹಾಗಿತ್ತು. ನಾಡಿ 136. ಬಿಪಿ ಮಾತ್ರ 100ರ ಮೇಲೇ ಇತ್ತು. ಬಿಪಿ ಒಂದನ್ನೇ ನೋಡಿದ್ದರೆ ಆ ಹೊತ್ತಿಗೂ ನಾರ್ಮಲ್ ಎಂದೇ ಬರೆಯುತ್ತಿದ್ದೆ.

ಡಾಕ್ಟರು ಓಡಿ ಬಂದರು. ಡ್ರಿಪ್, ಇಂಜೆಕ್ಷನ್, ಮಾತ್ರೆ ಎಲ್ಲ ಆಯಿತು. ಕ್ಯಾಥೆಟರ್ ಹಾಕಿದಾಗ ಕಿಡ್ನಿ ಟ್ರೇ ತುಂಬಿ ಚೆಲ್ಲುವಷ್ಟು ಮೂತ್ರ ಬಂತು. ಮೂತ್ರಚೀಲ ತುಂಬಿಕೊಂಡಿದ್ದರೆ ಗರ್ಭಕೋಶಕ್ಕೆ ಕುಗ್ಗಲು ಆಗುವುದಿಲ್ಲ, ಅದನ್ನೂ ನಾನು ನೋಡಿರಲಿಲ್ಲ. 108 ಬಂತು. ಶಿವಮೊಗ್ಗದವರೆಗೂ ಒಂದು ಮುಷ್ಟಿ ಒಳಗೆ, ಒಂದು ಕೈ ಹೊಟ್ಟೆಯ ಮೇಲೆ, ಎರಡರ ನಡುವೆ ಗರ್ಭಕೋಶವನ್ನು ಅದುಮಿ ಹಿಡಿದು ಕೂತೆ. ತಿರುವಿನಲ್ಲಿ ಗಾಡಿ ವಾಲಿದಾಗಲೂ ಕೈ ಬಿಡುವಂತಿರಲಿಲ್ಲ.

ಅವಳು ಬದುಕಿದಳು. ಆದರೆ ಅವಳಿಗೆ ಎದೆಹಾಲು ಬರಲೇ ಇಲ್ಲ. ದೃಷ್ಟಿಯಾಗಿದೆ ಎಂದು ಅತ್ತೆ ಹರಕೆ ಹೊತ್ತರು. ವಿಪರೀತ ರಕ್ತ ಹೋದಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಗೆ ಪೆಟ್ಟು ಬಿದ್ದು ಹಾಲು ಬತ್ತಬಹುದು ಎಂಬುದನ್ನು ನಾನು ಓದಿ ತಿಳಿದದ್ದು ಆಮೇಲೆ. ನಾನು ಕಂಬಳಿ ಎತ್ತುವ ಹೊತ್ತಿಗೆ ಎಷ್ಟು ರಕ್ತ ಹೋಗಿತ್ತು? ಅರ್ಧ ಲೀಟರೋ ಒಂದೂವರೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಯಾರೂ ಅಳೆದಿರಲಿಲ್ಲ.

ಗೊತ್ತಿಲ್ಲದವರಿಗಾಗಿ ಒಂದೆರಡು ಮಾತು. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಕಸ ಕಳಚಿದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ಗರ್ಭಕೋಶದ ಸ್ನಾಯು ಬಿಗಿದುಕೊಂಡಾಗ, ಮೂಟೆಯ ಬಾಯಿಗೆ ಹುರಿ ಬಿಗಿದ ಹಾಗೆ, ಆ ಬಾಯಿಗಳು ಮುಚ್ಚಿಕೊಳ್ಳುತ್ತವೆ. ಸ್ನಾಯು ಸಡಿಲಾದರೆ ನಲ್ಲಿ ತೆರೆದಂತೆಯೇ. ಹೆರಿಗೆಯ ನಂತರದ ರಕ್ತಸ್ರಾವಗಳಲ್ಲಿ ಬಹುಪಾಲಿಗೆ ಕಾರಣ ಇದೇ. ವಯಸ್ಸಿನ ಹುಡುಗಿಯ ದೇಹ ರಕ್ತ ಹೋಗುತ್ತಿದ್ದರೂ ನಾಳಗಳನ್ನು ಬಿಗಿಮಾಡಿ ಬಿಪಿಯನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಮೊದಲು ಏರುವುದು ನಾಡಿ, ಬಿಪಿ ಇಳಿಯುವುದು ತೀರಾ ಕೊನೆಗೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ನೂರು ಗರ್ಭಿಣಿಯರಲ್ಲಿ ಸುಮಾರು 45 ಮಂದಿಗೆ ರಕ್ತಹೀನತೆ. ಅಂಥವರ ಮೈಯಲ್ಲಿ ಕಳೆದುಕೊಳ್ಳಲು ಹೆಚ್ಚು ರಕ್ತವೇ ಇರುವುದಿಲ್ಲ.

ಕಣ್ಣಂದಾಜನ್ನು ನಂಬಬಾರದು ಎಂಬುದಕ್ಕೆ ಪುರಾವೆ ಹೊರದೇಶದಿಂದ ಬರಬೇಕಾಗಿಯೇ ಇರಲಿಲ್ಲ. ಅದು ನಮ್ಮ ಬೆಳಗಾವಿಯಲ್ಲೇ ಸಿಕ್ಕಿತ್ತು. ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ಕಣ್ಣಿನ ಅಂದಾಜನ್ನೂ, ಅಳತೆಗೆರೆಯಿದ್ದ ಪ್ಲಾಸ್ಟಿಕ್ ಚೀಲದ ಅಳತೆಯನ್ನೂ ಹೋಲಿಸಿ 2006ರಲ್ಲಿ ಪ್ರಕಟಿಸಿದರು. ಕಣ್ಣಂದಾಜು ನಿಜವಾದ ಅಳತೆಗಿಂತ ಮೂರನೇ ಒಂದು ಪಾಲು ಕಡಿಮೆ ಬಂದಿತ್ತು. ಅದೇ ವರ್ಷ ಬೆಳಗಾವಿ ಜಿಲ್ಲೆಯ ಹಳ್ಳಿಗಳ ಇನ್ನೊಂದು ಅಧ್ಯಯನವೂ ಪ್ರಕಟವಾಯಿತು. 1,620 ಹೆಂಗಸರು. ಹೆರಿಗೆ ಮಾಡಿಸಿದವರು ನಮ್ಮಂಥದೇ ಸಹಾಯಕ ದಾದಿಯರಾದ ಎಎನ್‌ಎಂ ಸಿಸ್ಟರುಗಳು. ಗರ್ಭಕೋಶ ಬಿಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿದವರಲ್ಲಿ ರಕ್ತಸ್ರಾವದ ತೊಂದರೆ ನೂರಕ್ಕೆ 12ರಿಂದ 6.4ಕ್ಕೆ ಇಳಿದಿತ್ತು. ಅಲ್ಲೂ ರಕ್ತ ಅಳೆದದ್ದು ಚೀಲದಿಂದಲೇ. ಇದನ್ನು ಓದುವಾಗ ನನಗೆ ಹೆಮ್ಮೆಯಾಗಿತ್ತು, ಸಂಕಟವೂ ಆಗಿತ್ತು. 2009ರ ಆ ರಾತ್ರಿಗೆ ಮೂರು ವರ್ಷ ಮೊದಲೇ, ನಮ್ಮದೇ ರಾಜ್ಯದಲ್ಲಿ, ನಮ್ಮದೇ ಸಿಸ್ಟರುಗಳ ಕೈಯಲ್ಲಿ ಆ ಚೀಲ ಇತ್ತು.

ಆ ಚೀಲ ದೊಡ್ಡ ಯಂತ್ರವೇನಲ್ಲ. ಮಗು ಹೊರಗೆ ಬಂದ ಕೂಡಲೇ ಸೊಂಟದ ಕೆಳಗೆ ಸೇರಿಸುವ ಪ್ಲಾಸ್ಟಿಕ್ ಹಾಳೆ. ಅದರ ತುದಿ ಕೊಳವೆಯಂತೆ ಕಿರಿದಾಗಿ ಟೇಬಲ್ಲಿನ ಅಂಚಿನಿಂದ ಕೆಳಗೆ ಇಳಿಬಿದ್ದಿರುತ್ತದೆ, ಅದರ ಮೇಲೆ ಮಿಲಿಲೀಟರಿನ ಗೆರೆಗಳು. ಮಗುವಿಗಿಂತ ಮೊದಲೇ ಹಾಕಿದರೆ ನೆತ್ತಿ ನೀರು (ಗರ್ಭದಲ್ಲಿ ಮಗುವಿನ ಸುತ್ತಲಿನ ನೀರು) ಸೇರಿ ಲೆಕ್ಕ ತಪ್ಪುತ್ತದೆ, ಆದ್ದರಿಂದ ಮಗುವಿನ ನಂತರವೇ ಹಾಕಬೇಕು. ಇಷ್ಟೇ ಅದರ ವಿದ್ಯೆ.

2023ರಲ್ಲಿ ಇದರ ಬಗ್ಗೆ ಈವರೆಗಿನ ದೊಡ್ಡ ಪರೀಕ್ಷೆಯ ಫಲಿತಾಂಶ ಬಂತು. ಇ-ಮೋಟಿವ್ ಎಂದು ಅದರ ಹೆಸರು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ, ಈ ನಾಲ್ಕು ದೇಶಗಳ 80 ಆಸ್ಪತ್ರೆಗಳು, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳು. ಒಂದು ಗುಂಪಿನ ಆಸ್ಪತ್ರೆಗಳಲ್ಲಿ ಎಂದಿನಂತೆ ಕಣ್ಣಂದಾಜು. ಇನ್ನೊಂದರಲ್ಲಿ ಗೆರೆ ಹಾಕಿದ ಚೀಲ, ಮತ್ತು ರಕ್ತ ಎಚ್ಚರಿಕೆಯ ಗೆರೆ ಮುಟ್ಟಿದ ಕೂಡಲೇ ನರ್ಸು ಅಥವಾ ಸೂಲಗಿತ್ತಿ ಸಿಸ್ಟರು ಒಟ್ಟಿಗೇ ಮಾಡಬೇಕಾದ ಕೆಲಸಗಳು: ಗರ್ಭಕೋಶ ತಿಕ್ಕುವುದು, ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ರಕ್ತ ಎಲ್ಲಿಂದ ಬರುತ್ತಿದೆ ಎಂಬ ತಪಾಸಣೆ. ಒಂದಾದ ಮೇಲೆ ಒಂದು ಮಾಡಿ ಫಲ ಕಾಯುವುದಿಲ್ಲ, ಎಲ್ಲವೂ ಒಮ್ಮೆಲೇ. ಕಣ್ಣಂದಾಜಿನ ಆಸ್ಪತ್ರೆಗಳಲ್ಲಿ ಅತಿರಕ್ತಸ್ರಾವವಾದ ನೂರು ತಾಯಂದಿರಲ್ಲಿ 51 ಮಂದಿಯದು ಮಾತ್ರ ಗಮನಕ್ಕೆ ಬಂದಿತ್ತು. ಚೀಲ ಇದ್ದಲ್ಲಿ 93. ಒಂದು ಲೀಟರಿಗೂ ಮೀರಿದ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಅದರಿಂದ ಸಾವು, ಈ ಮೂರೂ ಸೇರಿ ನೂರಕ್ಕೆ 4.3 ಇದ್ದದ್ದು ಚೀಲದ ಕಡೆ 1.6.

ಚೀಲ ಕೊಂಡು ಹಂಚಿದರೆ ಎಲ್ಲ ಸರಿಹೋಗುತ್ತದೆ ಎಂದು ಯಾರೂ ತಿಳಿಯಬಾರದು, ಆದ್ದರಿಂದ ಇದನ್ನೂ ಹೇಳಬೇಕು. ಯುರೋಪಿನ 13 ದೇಶಗಳಲ್ಲಿ ಚೀಲವನ್ನಷ್ಟೇ ಕೊಟ್ಟು ನೋಡಿದ್ದರು, 2010ರಲ್ಲಿ ಫಲಿತಾಂಶ ಬಂತು. ತೀವ್ರ ರಕ್ತಸ್ರಾವ ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಪಟ್ಟಿಯ ಕಥೆಯೂ ಹೀಗೇ. ಹೆರಿಗೆಯಲ್ಲಿ ಮಾಡಲೇಬೇಕಾದ 29 ಕೆಲಸಗಳ ಪಟ್ಟಿಯೊಂದನ್ನು ವಿಶ್ವ ಆರೋಗ್ಯ ಸಂಸ್ಥೆ ಮೊದಲು ಪರೀಕ್ಷಿಸಿದ್ದು ಕರ್ನಾಟಕದ ಒಂದು ಆಸ್ಪತ್ರೆಯಲ್ಲಿ, 2010ರಲ್ಲಿ. ಸರಾಸರಿ 10 ಕೆಲಸ ಆಗುತ್ತಿದ್ದ ಕಡೆ 25 ಆಗತೊಡಗಿತು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ ಆಸ್ಪತ್ರೆಗಳಿಗೆ ಒಯ್ದಾಗ ಅಲ್ಲೂ ಕೆಲಸ ಸುಧಾರಿಸಿತು, ಆದರೆ ತಾಯಿ–ಮಗುವಿನ ಸಾವು ಕಡಿಮೆಯಾಗಲಿಲ್ಲ ಎಂದು 2017ರಲ್ಲಿ ತಿಳಿಯಿತು. ಟಿಕ್ ಹಾಕಿದ ಕೈಗೆ ಮುಂದಿನ ಔಷಧಿ, ಮುಂದಿನ ಜನ, ಮುಂದಿನ ಹೆಜ್ಜೆ ಸಿಗಬೇಕು. ನಮ್ಮ ಕಡೆ ತರಬೇತಿ ಎಂದರೆ ಒಂದು ದಿನದ ಕಾರ್ಯಾಗಾರ, ಊಟ, ಸರ್ಟಿಫಿಕೇಟು. ಮರುದಿನ ವಾರ್ಡಿಗೆ ಬಂದರೆ ಅದೇ ರಬ್ಬರ್ ಶೀಟು. ಇದನ್ನು ಹತ್ತಾರು ಸಲ ಅನುಭವಿಸಿದ್ದೇನೆ.

ಚೀಲ ಬರುವವರೆಗೂ ಕಾಯಲು ನನಗೆ ಮನಸ್ಸಾಗಲಿಲ್ಲ. 2016ರಲ್ಲಿ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋದಾಗ ಅಡುಗೆಮನೆಯ ಡಿಜಿಟಲ್ ತಕ್ಕಡಿಯೊಂದನ್ನು ಕೊಂಡುತಂದೆ. ಒಂದು ಮಿಲಿ ರಕ್ತ ಹೆಚ್ಚೂಕಡಿಮೆ ಒಂದು ಗ್ರಾಂ ತೂಗುತ್ತದೆ. ಒಣ ಪ್ಯಾಡು, ಒಣ ಬಟ್ಟೆ, ಖಾಲಿ ಟ್ರೇ, ಇವುಗಳ ತೂಕ ಮೊದಲೇ ನೋಡಿ ಗೋಡೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿಟ್ಟೆ. ಹೆರಿಗೆಯಾದ ಮೇಲೆ ನೆನೆದ ಬಟ್ಟೆಯನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತೂಗುವುದು, ಒಣ ತೂಕ ಕಳೆಯುವುದು. ಮೊದಲ ದಿನವೇ ನಾನು 200 ಎಂದು ಅಂದಾಜು ಮಾಡಿದ್ದು ತಕ್ಕಡಿಯಲ್ಲಿ 380 ತೋರಿಸಿತು. ಇಪ್ಪತ್ತನಾಲ್ಕು ವರ್ಷ ಸರ್ವೀಸಾಗಿದ್ದ ಕಣ್ಣು ನನ್ನದು. ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ. ಹಿಂದೆ ನಾರ್ಮಲ್ ಎಂದು ಬರೆದು ಮನೆಗೆ ಕಳಿಸಿದವರಲ್ಲಿ ಎಷ್ಟು ಜನ ಸುಸ್ತು, ತಲೆಸುತ್ತು ಎಂದು ತಿಂಗಳುಗಟ್ಟಲೆ ಒದ್ದಾಡಿದರೋ ಎಂದು ಅನಿಸುತ್ತಲೇ ಇತ್ತು.

ಒಂದೆರಡು ವರ್ಷ ಕಳೆದಿತ್ತು. ಒಬ್ಬ ಹುಡುಗಿಗೆ ಹೆರಿಗೆಯಾಗಿ ಇಪ್ಪತ್ತೈದು ನಿಮಿಷಕ್ಕೆ ತಕ್ಕಡಿ 520 ತೋರಿಸಿತು. ಹುಡುಗಿ ಮಾತಾಡುತ್ತಿದ್ದಳು, ನಗುತ್ತಿದ್ದಳು. ಬಿಪಿ 110. ನಾಡಿ 104. ಹೊಟ್ಟೆ ಮುಟ್ಟಿದರೆ ಗರ್ಭಕೋಶ ಹೊಕ್ಕುಳಕ್ಕಿಂತ ಮೇಲೆ, ಬಲಕ್ಕೆ ಸರಿದಿತ್ತು, ಮೂತ್ರಚೀಲ ತುಂಬಿದ ಲಕ್ಷಣ. ಮೂತ್ರ ತೆಗೆದೆವು, ಗರ್ಭಕೋಶ ತಿಕ್ಕಿದೆವು, ಡ್ರಿಪ್ಪಿಗೆ ಆಕ್ಸಿಟೋಸಿನ್ ಹಾಕಿದೆವು, ಡಾಕ್ಟರಿಗೆ ಫೋನ್ ಮಾಡಿ “ಐನೂರು ದಾಟಿದೆ ಸರ್” ಅಂದೆ. “ಸ್ವಲ್ಪ ಜಾಸ್ತಿ ಹೋಗ್ತಿದೆ ಸರ್” ಎಂದಿದ್ದರೆ ನೋಡೋಣ, ಗಮನಿಸಿ ಎನ್ನುತ್ತಿದ್ದರೇನೋ. ಅಂಕಿ ಕೇಳಿದ ಕೂಡಲೇ ಹೊರಟು ಬಂದರು. ಟ್ರಾನೆಕ್ಸಾಮಿಕ್ ಆಸಿಡ್ ಕೊಟ್ಟರು. ಮೂರು ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತದೆ ಎಂದು 21 ದೇಶಗಳ 20,000 ತಾಯಂದಿರ ಮೇಲೆ ನಡೆದ ಅಧ್ಯಯನ 2017ರಲ್ಲಿ ತೋರಿಸಿದ ಮದ್ದು ಅದು. ಮಗುವನ್ನು ಎದೆಗೆ ಹಾಕಿದೆವು. ನಲವತ್ತು ನಿಮಿಷದಲ್ಲಿ ಗರ್ಭಕೋಶ ಕಲ್ಲಿನಂತೆ ಗಟ್ಟಿಯಾಯಿತು. ಬೆಳಿಗ್ಗೆ ನಾನು ಡ್ಯೂಟಿ ಮುಗಿಸಿ ಹೊರಡುವಾಗ ಹುಡುಗಿ ಎದ್ದು ಕೂತು ಇಡ್ಲಿ ತಿನ್ನುತ್ತಿದ್ದಳು. ತನಗೇನಾಗುವುದಿತ್ತು ಎಂಬುದು ಅವಳಿಗೆ ಗೊತ್ತಾಗಲೇ ಇಲ್ಲ.

ನಾನು ನರ್ಸಿಂಗ್ ಕಲಿತದ್ದು ಎಂಬತ್ತರ ದಶಕದ ಕೊನೆಯಲ್ಲಿ. ಹೆರಿಗೆಗೆ ಬಂದವಳಿಗೆ ಬ್ಲೇಡಿನಿಂದ ಶೇವ್ ಮಾಡುವುದು, ಸೋಪಿನ ನೀರಿನ ಎನಿಮಾ, ಚೊಚ್ಚಲು ಎಂದರೆ ಕಣ್ಣು ಮುಚ್ಚಿ ಹೆರಿಗೆ ದಾರಿಗೆ ಕತ್ತರಿ ಹಾಕುವುದು, ಹೊಲಿಗೆಗೆ ದೀಪದ ಕಾವು, ಮಗುವಿಗೆ ಹುಟ್ಟಿದ ಕೂಡಲೇ ಸ್ನಾನ. ಎಲ್ಲವನ್ನೂ ಶ್ರದ್ಧೆಯಿಂದ ಮಾಡಿದೆ. ಯಾಕೆ ಎಂದು ಕೇಳಿದರೆ ಮೊದಲಿನಿಂದಲೂ ಹೀಗೇ ಎಂಬ ಉತ್ತರ ಬರುತ್ತಿತ್ತು. ಶೇವ್, ಎನಿಮಾ, ಎಲ್ಲರಿಗೂ ಕತ್ತರಿ, ಇವು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಮಗುವಿನ ಸ್ನಾನ 24 ಗಂಟೆಯ ನಂತರ. ಪುರಾವೆ ನೋಡಿ ಕೆಲಸ ಮಾಡುವುದೆಂದರೆ ಹಿರಿಯರನ್ನು ಧಿಕ್ಕರಿಸುವುದು ಎಂದುಕೊಂಡ ಕೆಲವು ಸಹೋದ್ಯೋಗಿಗಳು ನನ್ನ ತಕ್ಕಡಿಯ ಮೇಲೆ ಮುನಿಸಿಕೊಂಡಿದ್ದರು. ನನಗೆ ಕೆಲಸ ಕಲಿಸಿದ ಹಿರಿಯ ಸಿಸ್ಟರು ತಕ್ಕಡಿ ನೋಡಿದ್ದರೆ ಸಂತೋಷಪಡುತ್ತಿದ್ದರು ಎಂದೇ ನನ್ನ ನಂಬಿಕೆ. ಗರ್ಭಕೋಶದ ಮೇಲೆ ಕೈಯಿಡದೆ ಬಾಣಂತಿಯನ್ನು ದಾಟಿ ಹೋಗಬೇಡ ಎಂದು ಹೇಳಿಕೊಟ್ಟವರು ಅವರೇ.

ಇನ್ನು ಮನೆಯ ಮಾತು. ಮಲೆನಾಡಿನ ಬಾಣಂತನವನ್ನು ಹೀಗಳೆಯುವವಳು ನಾನಲ್ಲ. ಹಂಡೆಯ ಬಿಸಿನೀರು, ಕಾಳುಮೆಣಸಿನ ಸಾರು, ಬೆಳ್ಳುಳ್ಳಿ, ತಿಂಗಳುಗಟ್ಟಲೆ ಭಾರ ಎತ್ತದೆ ತವರಿನಲ್ಲಿ ಮಲಗುವ ವಿಶ್ರಾಂತಿ, ಮಗುವನ್ನು ಎತ್ತಿಕೊಳ್ಳಲು ನಾಲ್ಕು ಕೈ, ಇವೆಲ್ಲ ಎಲ್ಲ ಹೆಣ್ಣುಮಕ್ಕಳಿಗೂ ಸಿಗಲಿ. ಆದರೆ ನೀರು ಕೊಡದಿರುವುದನ್ನು ನಾನು ಒಪ್ಪಲಾರೆ. “ನೀರು ಕುಡಿದ್ರೆ ಹೊಟ್ಟೆ ಮುಂದೆ ಬತ್ತದೆ ಸಿಸ್ಟರೇ, ನಾವೆಲ್ಲ ಒಂದು ಲೋಟದಲ್ಲೇ ದಿನ ಕಳೆದೋರು” ಎನ್ನುತ್ತಾರೆ. ಬಾಯಾರಿದ ಬಾಣಂತಿಗೆ ಉರಿಮೂತ್ರ, ಮಲಬದ್ಧತೆ, ಹೊಲಿಗೆ ಹಾಕಿದ್ದರಂತೂ ನರಕಯಾತನೆ. ವಾದ ಮಾಡಿ ಪ್ರಯೋಜನವಿಲ್ಲ ಎಂದು ಕಂಡುಕೊಂಡೆ. ಆಮೇಲೆ ಹೀಗೆ ಹೇಳತೊಡಗಿದೆ: “ಆಯ್ತಮ್ಮ, ನೀರು ಬೇಡ. ಜೀರಿಗೆ ಕಷಾಯ ಮಾಡಿ ಕೊಡಿ. ದಿನಕ್ಕೆ ಎಂಟು ಲೋಟ, ಬಿಸಿಬಿಸಿ.” ಕಷಾಯಕ್ಕೆ ಬೇಡ ಎಂದ ಅತ್ತೆಯನ್ನು ಮಲೆನಾಡಿನಲ್ಲಿ ನಾನು ನೋಡಿಲ್ಲ. ಹಾಗೆಯೇ ಮುಚ್ಚಿದ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡ ಇಡುವುದು, ಹೊಕ್ಕುಳಬಳ್ಳಿಗೆ ಎಣ್ಣೆ ಬೂದಿ ಹಚ್ಚುವುದು, ಹಳದಿ ಹಾಲನ್ನು ಹಿಂಡಿ ಚೆಲ್ಲಿ ಜೇನು ನೆಕ್ಕಿಸುವುದು, ಇವು ಬೇಡವೇ ಬೇಡ.

ಆಸ್ಪತ್ರೆಯಿಂದ ಬೇಗ ಹೊರಡುವ ಆತುರವೂ ಬೇಡ. ತೊಂದರೆಯಿಲ್ಲದ ಸಹಜ ಹೆರಿಗೆಯಾದರೂ ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿರಬೇಕು, ಎರಡು–ಮೂರನೆಯ ದಿನ, ಎರಡನೆಯ ವಾರ, ಆರನೆಯ ವಾರ ಮತ್ತೆ ತಾಯಿಯನ್ನು ನೋಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ. ನಮ್ಮ ಸರ್ಕಾರವೇ ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನದವರೆಗೆ ಊಟವನ್ನೂ ಕೊಟ್ಟು ಉಚಿತವಾಗಿ ಇರಿಸಿಕೊಳ್ಳುತ್ತದೆ. ಅಡಿಕೆ ಕೊಯ್ಲು, ಮನೆಯಲ್ಲಿ ದನ, ಬಸ್ಸು ತಪ್ಪುತ್ತದೆ ಎಂದು ಗಂಡಸರು ಮರುದಿನ ಬೆಳಿಗ್ಗೆಯೇ ಡಿಸ್ಚಾರ್ಜ್ ಕೇಳಿಕೊಂಡು ಕೌಂಟರಿಗೆ ಬರುತ್ತಾರೆ. ದೂರದ ಊರಿನವರು ಇನ್ನೂ ಒಂದು ದಿನ ಹೆಚ್ಚೇ ಇರಬೇಕು. ಸಿಗಂದೂರು ಸೇತುವೆ 2025ರ ಜುಲೈನಲ್ಲಿ ಆಯಿತು, ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರು ಲಾಂಚಿಗೆ ಕಾಯುವ ಕಷ್ಟ ಮುಗಿಯಿತು. ಆದರೆ ತೋಟದಾಚೆಯ ಒಂಟಿ ಮನೆಗಳಿಗೆ ಮಳೆಗಾಲದಲ್ಲಿ ಇರುವುದು ಇನ್ನೂ ಕಾಲುಸಂಕವೇ. 3, 7, 14, 21, 28, 42ನೆಯ ದಿನ ಅದೇ ಸಂಕ ದಾಟಿ ಹೋಗುವವಳು ಆಶಾ ಕಾರ್ಯಕರ್ತೆ. ಅವಳು ಬಂದಾಗ ಮಗುವನ್ನು ತೂಗಿಸಿ ಅಷ್ಟಕ್ಕೇ ಕಳಿಸಬೇಡಿ, ಬಾಣಂತಿಯೂ ಅವಳೊಂದಿಗೆ ಹತ್ತು ನಿಮಿಷ ಬಾಗಿಲು ಹಾಕಿಕೊಂಡು ಮಾತಾಡಲಿ. ಪ್ಯಾಡು ಗಂಟೆಯೊಳಗೆ ನೆನೆಯುತ್ತಿದೆಯೇ, ವಾಸನೆ ಇದೆಯೇ, ಜ್ವರ ಇದೆಯೇ, ತಲೆ ಸಿಡಿಯುತ್ತಾ ಕಣ್ಣು ಮಂಜಾಗುತ್ತಿದೆಯೇ, ಮೀನಖಂಡ ನೋಯುತ್ತಿದೆಯೇ. ಇನ್ನೊಂದು, ನಿದ್ದೆಯೇ ಇಲ್ಲದೆ ಏನೇನೋ ಮಾತಾಡಿದರೆ ಅದಕ್ಕೆ ಬಾಣಂತಿ ಸನ್ನಿ ಎಂದು ಹೆಸರಿಟ್ಟು ಮಂತ್ರವಾದಿಯ ಬಳಿ ಒಯ್ಯಬೇಡಿ. ಅದು ಔಷಧಿಗೆ ಬಗ್ಗುವ ಕಾಯಿಲೆ, ಅಂದೇ ಡಾಕ್ಟರಿಗೆ ತೋರಿಸಿ.

ಅಧಿಕಾರಿಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಜಿಲ್ಲೆಯ ಪ್ರತಿ ಹೆರಿಗೆ ಕೋಣೆಗೂ ಗೆರೆ ಹಾಕಿದ ಚೀಲ ಕೊಡಿ, ಪ್ರತಿ ಹೆರಿಗೆಗೂ ಒಂದು. ಕೇಸ್ ಶೀಟಿನಲ್ಲಿ ನಾರ್ಮಲ್ ಎಂಬ ಪದಕ್ಕೆ ಜಾಗವನ್ನೇ ಇಡದೆ ‘.... ಮಿಲಿ’ ಎಂದು ಅಚ್ಚು ಹಾಕಿಸಿ. 500 ಮುಟ್ಟಿದರೆ ಡಾಕ್ಟರು ಬರುವ ಮೊದಲೇ ನರ್ಸು ಏನೇನು ಕೊಡಬಹುದು ಎಂಬುದನ್ನು ಸಹಿ ಹಾಕಿ ಬರೆದುಕೊಡಿ. ನಾಡಿ ಅಥವಾ ಬಿಪಿ ಏರುಪೇರಾಗಿದ್ದರೆ 300ಕ್ಕೇ ಕಾರ್ಯಪ್ರವೃತ್ತರಾಗಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2025ರ ಅಕ್ಟೋಬರ್‌ನ ಮಾರ್ಗಸೂಚಿ ಹೇಳುತ್ತದೆ, ಅದನ್ನೂ ಸೇರಿಸಿ. ಬರೆದ ಅಪ್ಪಣೆ ಇಲ್ಲದಿದ್ದರೆ ಸಣ್ಣ ಹುಡುಗಿಯರು ಭಯಪಟ್ಟು ಫೋನ್ ಹಿಡಿದು ನಿಲ್ಲುತ್ತಾರೆ, ಆ ಹತ್ತು ನಿಮಿಷವೇ ಮುಖ್ಯವಾದದ್ದು. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ನಮ್ಮ ಕಡೆ ಆ ಫ್ರಿಜ್ಜಿಗೆ ಯುಪಿಎಸ್ ಇರಲೇಬೇಕು. ನಾನು ಲಸಿಕೆಯ ಐಸ್ ಪ್ಯಾಕ್ ತಂದು ಡಬ್ಬದಲ್ಲಿಟ್ಟು ಕಾಪಾಡಿದ್ದಿದೆ, ಎಲ್ಲರಿಗೂ ಪ್ರತಿ ರಾತ್ರಿ ಅದು ಸಾಧ್ಯವಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಪಾಳಿಗೆ ಇಬ್ಬರು ಸಿಸ್ಟರು ಬೇಕು. ಹೆರಿಗೆಯಾದ ಮೊದಲ ಎರಡು ಗಂಟೆ ಕಾಲು ಗಂಟೆಗೊಮ್ಮೆ ನಾಡಿ ಎಣಿಸಿ, ಹೊಟ್ಟೆ ಮುಟ್ಟಿ, ಪ್ಯಾಡು ನೋಡಬೇಕು. ಪಕ್ಕದ ಟೇಬಲ್ಲಿನಲ್ಲಿ ಇನ್ನೊಬ್ಬಳು ತಿಣುಕುತ್ತಿರುವಾಗ ಒಬ್ಬಳೇ ಇದನ್ನು ಹೇಗೆ ಮಾಡಬೇಕು? 2009ರಲ್ಲಿ ನನ್ನ ಜೊತೆ ಇನ್ನೊಬ್ಬಳಿದ್ದಿದ್ದರೆ ಆ ಕಂಬಳಿಯನ್ನು ಹದಿನೈದನೆಯ ನಿಮಿಷಕ್ಕೇ ಯಾರಾದರೂ ಎತ್ತಿ ನೋಡುತ್ತಿದ್ದರು. ರಾಜ್ಯದಲ್ಲಿ ತಾಯಂದಿರ ಸಾವು ಲಕ್ಷ ಜನನಕ್ಕೆ 2014–16ರಲ್ಲಿ 108 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಹೆರಿಗೆ ಕೋಣೆಗಳಲ್ಲಿ ನಿದ್ದೆಗೆಟ್ಟ ಹೆಣ್ಣುಮಕ್ಕಳ ಪಾಲು ಅದರಲ್ಲಿ ದೊಡ್ಡದು. ಅದೇ ಹೊತ್ತಿನಲ್ಲಿ ಕೇರಳದಲ್ಲಿ 19 ಇತ್ತು ಎಂಬುದನ್ನೂ ನೆನಪಿಡಬೇಕು.

ಅಕ್ಕನ ಸೊಸೆಯ ಪಕ್ಕ ಆ ರಾತ್ರಿ ನಾನೇ ಕೂತು ಕಾಲು ಗಂಟೆಗೊಮ್ಮೆ ನಾಡಿ ಎಣಿಸಿದೆ. 84, 88, 86, 82. ಗರ್ಭಕೋಶ ಗಟ್ಟಿಯಾಗಿತ್ತು. ಪಕ್ಕದ ಮಂಚದ ಬಾಣಂತಿಯ ಜೊತೆ ಅವಳ ವಯಸ್ಸಾದ ತಾಯಿ ಬಿಟ್ಟರೆ ಯಾರೂ ಇರಲಿಲ್ಲ. ಅವಳದನ್ನೂ ಎಣಿಸಿದೆ.

ನನ್ನ ತಕ್ಕಡಿ ಇನ್ನೂ ಮನೆಯಲ್ಲಿದೆ, ಸರಿಯಾಗಿ ತೂಗುತ್ತದೆ. ಚೀಲ ಬರುವವರೆಗೆ ಬೇಕೆನ್ನುವ ಯಾವ ಆಸ್ಪತ್ರೆಗಾದರೂ ಕೊಡುತ್ತೇನೆ. ಒಣ ಬಟ್ಟೆಯ ತೂಕ ಹೇಗೆ ಕಳೆಯಬೇಕು ಎಂದು ಅಲ್ಲಿನ ಸಿಸ್ಟರುಗಳಿಗೆ ಒಂದು ದಿನ ನಾನೇ ಬಂದು ತೋರಿಸುತ್ತೇನೆ. ಬಸ್ ಚಾರ್ಜು ಬೇಡ.

ಇಂತಿ,
ನಿವೃತ್ತ ಶುಶ್ರೂಷಾಧಿಕಾರಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ